ಹೆಂಗೂ ಮನ್ಯಾಗ ಇರೂ ಕಾಕಿ

ಸಾವಂತ್ರೆವ್ವ ಕಾಕಿಯ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳ ಸಂಗ ಬಿಟ್ಟು ಒಂದು ಕಡೆ ವಾಲಿತ್ತು. ಅದಕ್ಕೆ ಯಾವಾಗಲೂ ಒಂದು ಹಗ್ಗ ಕಟ್ಟಿರುತ್ತಿತ್ತು. ಹಗ್ಗದ ಇನ್ನೊಂದು ತುದಿ ಪಡಸಾಲೆಯ ತೊಲೆಯಿಂದ ಇಳಿಬಿಟ್ಟ ಸೀರೆಯ ಜೋಳಿಗೆಗೆ. ಜೋಳಿಗೆಯೊಳಗೆ ಯಾರದೋ ಕೂಸು. ಕಾಕಿಯ ಕೈ ಬದನೆಕಾಯಿ ಹೆಚ್ಚುತ್ತಿತ್ತು, ಬಾಯಿ ಕಟ್ಟೆಯ ಮೇಲೆ ಕೂತವರ ಜೊತೆ ಜಗಳಾಡುತ್ತಿತ್ತು, ಕಾಲು ತನ್ನ ಪಾಡಿಗೆ ತಾನು ತೂಗುತ್ತಿತ್ತು. ಎಷ್ಟು ರೂಢಿಯಾಗಿತ್ತೆಂದರೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಹಗ್ಗವಿಲ್ಲದ ಆ ಕಾಲು ಆಡುತ್ತಲೇ ಇರುತ್ತಿತ್ತು. ಪಕ್ಕದವರು ನೋಡಿ ನಗುತ್ತಿದ್ದರು. ನನಗೆ ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಇಂಡಿಯಲ್ಲಿ ನಮ್ಮ ಓಣಿಯ ಕಡೆಯ ಮನೆ ಆಕೆಯದು. ಗಂಡ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು, ಮಾತು ಕಡಿಮೆ. ಒಬ್ಬಳೇ ಮಗಳು, ಮಹಾದೇವಿ. ನನ್ನ ಅವ್ವ ಒಂದು ಖಾಸಗಿ ಸಾಲೆಯಲ್ಲಿ ಟೀಚರು. ಅಪ್ಪ ಆಲಮಟ್ಟಿಯ ಕಾಲುವೆ ಆಫೀಸಿನಲ್ಲಿ, ಶನಿವಾರ ಬಂದರೆ ಸೋಮವಾರ ನಸುಕಿನ ಬಸ್ಸಿಗೆ ಹೋಗುವವನು. ಹಾಗಾಗಿ ನಾನು ಕೂರಲು ಕಲಿಯುವ ಮೊದಲೇ ಕಾಕಿಯ ಜೋಳಿಗೆಗೆ ಬಿದ್ದೆ. ಆಗ ಅಲ್ಲಿ ಬ್ಯಾಂಕಿನವರ ಮಗ ಇದ್ದ, ತಹಸೀಲ ಕಚೇರಿಯವರ ಅವಳಿ ಹುಡುಗಿಯರಿದ್ದರು. ಕಾಕಿ ನಮ್ಮ ಯಾರನ್ನೂ ಹೆಸರು ಹಿಡಿದು ಕರೆದವಳಲ್ಲ. ಅವನು ಬ್ಯಾಂಕು, ಅವರು ಇಬ್ಬರೂ ತಹಸೀಲು, ನಾನು ಕ್ಯಾನಾಲು. ನಾನು ಅಳಲು ಶುರು ಮಾಡಿದರೆ ಓಣಿಗೆಲ್ಲ ಕೇಳುವಂತೆ ಸಾರುತ್ತಿದ್ದಳಂತೆ: "ಕ್ಯಾನಾಲಿಗೆ ನೀರ ಬಿಟ್ಟಾರ ನೋಡ್ರೆವಾ, ಹೊಲಾ ಇದ್ದಾವರು ಬರ್ರಿ."

ಬಾಗಿಲಲ್ಲಿ ನಿಂತು ಯಾರಾದರೂ "ಕಾಕಿ, ಮನ್ಯಾಗದೀರೇನ?" ಎಂದು ಕೂಗಿದರೆ ಒಳಗಿನಿಂದ ಬರುವ ಉತ್ತರವೂ ಒಂದೇ: "ಇನ್ನೆಲ್ಲಿ ಹೋಗ್ಲೇ?" ಅದನ್ನು ಎಲ್ಲರೂ ಸ್ವಾಗತವೆಂದು ತಿಳಿದಿದ್ದರು. ನನಗೇನೋ ಅದು ಪ್ರಶ್ನೆಯಾಗಿಯೇ ಕೇಳುತ್ತಿತ್ತು.

ಹೈಸ್ಕೂಲಿನಲ್ಲಿ ನಮಗೆ ಚರ್ಚಾಸ್ಪರ್ಧೆ ಕಲಿಸಿದ ಮಾಸ್ತರರು ಒಂದು ಮಾತು ಹೇಳುತ್ತಿದ್ದರು. ಎದುರಿನವರ ವಾದದಲ್ಲಿ ದೊಡ್ಡ ದೊಡ್ಡ ಶಬ್ದಗಳಿಗೆ ಗಂಟು ಬೀಳಬೇಡ, ಯಾವ ಸಣ್ಣ ಶಬ್ದ ಕಳ್ಳನಂತೆ ಮೂಲೆಯಲ್ಲಿ ಕೂತಿದೆ ನೋಡು, ಅದರ ಕೊರಳಪಟ್ಟಿ ಹಿಡಿ ಎಂದು. ಸಿಂದಗಿ, ಬಸವನ ಬಾಗೇವಾಡಿ ಎಂದು ಸ್ಪರ್ಧೆಗೆ ತಿರುಗಿ ಎಷ್ಟೋ ಶಬ್ದಗಳ ಕೊರಳಪಟ್ಟಿ ಹಿಡಿದೆ. ಆದರೆ ಕಳ್ಳರಲ್ಲಿ ಕಳ್ಳ ನಮ್ಮ ಓಣಿಯಲ್ಲೇ ಇತ್ತು. ಅದು "ಹೆಂಗೂ."

"ಕಾಕಿ, ನೀವು ಹೆಂಗೂ ಮನ್ಯಾಗ ಇರ್ತೀರಿ, ಇವನ್ನ ಒಂದೀಟು ನೋಡ್ರಿ." ಒಂದೀಟು ಎಂದರೆ ಮುಂಜಾನೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ. ಹೆಂಗೂ ರೊಟ್ಟಿ ಬಡಿಯುತ್ತೀರಿ, ಅದರಲ್ಲೇ ಒಂದನ್ನು ಹಾಲಲ್ಲಿ ಕಲಸಿ ಇವಳಿಗೂ ತಿನಿಸಿ. ಹೆಂಗೂ ಅರಿಬಿ ಒಗೆಯುತ್ತೀರಿ, ಇದರ ಚಡ್ಡಿಯನ್ನೂ ಹಿಂಡಿಬಿಡಿ. ಜೋಳ ಕಾಕಿಯದು, ಹಾಲು ಕಾಕಿಯದು, ಸಬಕಾರ ಕಾಕಿಯದು. ಹಲಸಂಗಿಯಲ್ಲಿ ಆಕೆಯ ಖಾಸಾ ತಮ್ಮ ಹೊಸ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡಾಗ ತಹಸೀಲಿನವರ ಒಂದು ಹುಡುಗಿಗೆ ಜ್ವರ. ತಾಯಿಗೆ ರಜೆ ಸಿಗಲಿಲ್ಲ. ಕಾಕಿ ಹೋಗಲಿಲ್ಲ. ತಮ್ಮ ಅದನ್ನು ಬಹಳ ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಆ ಹುಡುಗಿಯ ಅಪ್ಪನಿಗೆ ಜ್ವರದ ನೆನಪೇ ಇಲ್ಲ.

ಇದಕ್ಕೆಲ್ಲ ಪ್ರತಿಯಾಗಿ ಏನು ಬರುತ್ತಿತ್ತು? ದಸರೆಗೆ ಎಲ್ಲ ಮನೆಯವರೂ ಕರೆದು ಉಡಿ ತುಂಬುತ್ತಿದ್ದರು. ಒಂದು ಹಿಡಿ ಅಕ್ಕಿ, ತೆಂಗಿನಕಾಯಿ, ಒಂದು ಕುಬಸದ ಕಣ, ಅಂದರೆ ರವಿಕೆಗಾಗುವಷ್ಟು ಬಟ್ಟೆ. ಉಡಿಯಲ್ಲಿ ಬಂದ ಕಣವನ್ನು ಯಾರೂ ಹೊಲಿಸುವುದಿಲ್ಲ, ಮುಂದಿನವರ ಉಡಿಗೆ ದಾಟಿಸುತ್ತಾರೆ. ಹೀಗೆ ಮಸಿ ಚುಕ್ಕೆ ಬಿದ್ದ ಒಂದು ಹಸಿರು ಕಣ ಊರೆಲ್ಲ ಸುತ್ತಿ ಮರುವರ್ಷ ಕಾಕಿಯ ಮಡಿಲಿಗೇ ಮರಳಿ ಬಂತು. ಕಾಕಿ ಅದನ್ನು ಎತ್ತಿ ಹಿಡಿದು, "ಬಂದ್ಯಾ ಮಗಳ? ನೀ ಆದ್ರೂ ತಿರಿಗ್ಯಾಡಿ ಬಂದಿ" ಎಂದು ಮಾತಾಡಿಸಿದಳು. ಎಲ್ಲರೂ ನಕ್ಕರು. ಕಾಕಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮಗಳು ಮಹಾದೇವಿ ನರ್ಸ್ ತರಬೇತಿ ಮುಗಿಸಿ ಮುದ್ದೇಬಿಹಾಳದ ಒಂದು ಖಾಸಗಿ ದವಾಖಾನೆಗೆ ಸೇರಿದಳು. ಗಂಡನ ಮನೆಯೂ ಅದೇ ಊರು. ಕಾಕಿಗೆ ಆ ನೌಕರಿಯ ಮೇಲೆ ಎಷ್ಟು ಅಭಿಮಾನವೆಂದರೆ, ಓಣಿಯಲ್ಲಿ ಯಾರಿಗೆ ಶೀತವಾದರೂ "ನನ್ನ ಮಗಳು ಇಲ್ಲಿ ಇದ್ದಿದ್ರ" ಎಂದೇ ಶುರು. ಮಹಾದೇವಿಗೆ ಕೂಸು ಹುಟ್ಟಿತು. ಅದನ್ನು ನೋಡಿಕೊಳ್ಳಲು ಆ ಮನೆಯಲ್ಲಿ ಯಾರೂ ಇರಲಿಲ್ಲ, ಅತ್ತೆ ಹಾಸಿಗೆ ಹಿಡಿದಿದ್ದಳು. ತಾಯಿಯಾದವಳು ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಝಾಂಡಾ ಊರಿದರೆ ನಮ್ಮ ಕಡೆ ಮಂದಿ ಆಡಿಕೊಳ್ಳದೆ ಬಿಡುವುದಿಲ್ಲ. ಮಗಳ ಪಕ್ಕದ ಮನೆಯ ಹೆಂಗಸೊಬ್ಬಳು ಕೂಸು ನೋಡಲು ಒಪ್ಪಿದಳು. ಆದರೆ ತಿಂಗಳಿಗೆ ಇಷ್ಟು ಎಂದು ನೆಟ್ಟಗೆ ಪಗಾರ ಕೇಳಿದಳು. ಮಹಾದೇವಿಯ ಸಂಬಳದಲ್ಲಿ ಅದನ್ನು ತೆಗೆದರೆ ಉಳಿಯುವುದು ಬಸ್ಸಿನ ಚಿಲ್ಲರೆ. ಗಂಡ, ಹಂಗಾರ ನೌಕರಿ ಯಾತಕ್ಕ ಎಂದ.

ಆಗ ಕಾಕಿ ಒಂದು ಸಂಜೆ ಕಟ್ಟೆಯ ಮೇಲೆ ಎಲ್ಲ ತಾಯಂದಿರನ್ನೂ ಕೂರಿಸಿಕೊಂಡಳು. ಆ ಹೊತ್ತಿಗೆ ನನ್ನ ತಮ್ಮ ಜೋಳಿಗೆಯಲ್ಲಿದ್ದ, ನಾನು ಅವನನ್ನು ಮನೆಗೆ ಕರೆತರಲು ಹೋಗಿದ್ದೆ. ಕಾಕಿ ಸುತ್ತು ಬಳಸಲಿಲ್ಲ.

"ಬರೂ ತಿಂಗಳಿಂದ ನನಗ ಕೂಸಿಗಿಷ್ಟು ಅಂತ ಪಗಾರ ಕೊಡ್ರಿ. ನನಗ ಬ್ಯಾಡ, ಮಗಳಿಗೆ ಕಳಸ್ತೇನಿ. ಆಕಿ ನೌಕರಿ ಉಳೀಬೇಕು."

ಬ್ಯಾಂಕಿನವರ ಹೆಂಡತಿ ಕಣ್ಣು ಒರೆಸಿಕೊಂಡೇ ಅಂದಳು, "ಕಾಕಿ, ನೀವು ತಾಯಿ ಇದ್ದಂಗ. ನಿಮಗ ಪಗಾರ ಕೊಟ್ರ ನಿಮ್ಮನ್ನ ಕೆಲಸದಾಕಿ ಮಾಡಿದಂಗ ಆಗೂದಿಲ್ಲೇನ್ರಿ?"

"ಮಾಡ್ರಿ," ಎಂದಳು ಕಾಕಿ. "ಕೆಲಸದಾಕಿಗಾದ್ರೂ ಐತವಾರ ಸೂಟಿ ಇರ್ತೈತಿ."

ಆ ಶನಿವಾರ ಅಪ್ಪ ಬಂದಾಗ ಅವ್ವ ವಿಷಯ ತೆಗೆದಳು. ಅಪ್ಪ ಕೆಟ್ಟವನಲ್ಲ. ಅವನು ಹೇಳಿದ್ದು ಇಷ್ಟೇ: ನಿನ್ನ ಪಗಾರೇ ಅಷ್ಟಕ್ಕಷ್ಟೇ, ಅದರಾಗ ಕಾಕಿಗೆ ಕೊಟ್ರ ನೀ ದುಡದದ್ದು ಏನ ಉಳೀತು? ಅವ್ವನೂ ಹೌದೆಂದು ತಲೆದೂಗಿದಳು. ಆಕೆಯದೂ ಸುಳ್ಳಲ್ಲ, ಆ ಸಾಲೆ ಕೊಡುತ್ತಿದ್ದುದು ಪಗಾರವೆನ್ನಲು ನಾಚಿಕೆಯಾಗುವಷ್ಟು. ನಾನು ಮೂಲೆಯಲ್ಲಿ ಓದುತ್ತ ಕೂತಿದ್ದವಳು ತಡೆಯಲಾರದೆ ಕೇಳಿದೆ, ಅದನ್ನು ಅವ್ವನ ಪಗಾರದಾಗ ಯಾಕ ಕಳೀತೀರಿ, ಅಪ್ಪನ ಪಗಾರದಾಗ ಯಾಕ ಕಳಿಯೂದಿಲ್ಲ, ನನ್ನ ತಮ್ಮ ಬರೇ ಅವ್ವನ ಕೂಸೇನು ಎಂದು. ಅಪ್ಪ, ಇದಕ್ಕ ಡಿಬೇಟಿಗೆ ಕಳಿಸಬಾರದು ನೋಡು ಎಂದು ನಕ್ಕ. ನನ್ನ ಪ್ರಶ್ನೆಗೆ ಅದು ಉತ್ತರವಲ್ಲ. ಇಂದಿಗೂ ಆ ಪ್ರಶ್ನೆ ಅಲ್ಲೇ ನಿಂತಿದೆ. ನಮ್ಮ ಓಣಿಯ ಪ್ರತಿ ಮನೆಯಲ್ಲೂ ಕೂಸಿನ ಖರ್ಚನ್ನು ತಾಯಿಯ ಪಗಾರದಿಂದಲೇ ಕಳೆದರು, ಕಳೆದ ಮೇಲೆ ಏನೂ ಉಳಿಯುವುದಿಲ್ಲ ಎಂದು ತೋರಿಸಿದರು, ಅದನ್ನು ಉಳಿಸಲು ಕಾಕಿಯನ್ನು ಪುಕ್ಕಟೆ ಮಾಡಿದರು.

ಗಂಡಸರು ಸಭೆ ಸೇರಿ ಒಂದು ಉಪಾಯ ಕಂಡುಹಿಡಿದರು. ಪಗಾರ ಬೇಡ, ಸನ್ಮಾನ ಮಾಡೋಣ. ಕಾಕಿಯನ್ನು ಕುರ್ಚಿಯ ಮೇಲೆ ಕೂರಿಸಿ, ಜರಿಯಂಚಿನ ಸೀರೆ ಹೊದಿಸಿ, ಮಾಲೆ ಹಾಕಿದರು. ಮಾತೃವಾತ್ಸಲ್ಯಕ್ಕೆ ಬೆಲೆ ಕಟ್ಟಲಾಗದು ಎಂದು ಬ್ಯಾಂಕಿನವರು ಭಾಷಣ ಮಾಡಿದರು. ಚರ್ಚಾಸ್ಪರ್ಧೆಗಳಲ್ಲಿ ಈ ವಾಕ್ಯವನ್ನು ನೂರು ಸಲ ಕೇಳಿದ್ದೇನೆ. ಬೆಲೆ ಕಟ್ಟಲಾಗದು ಎಂದು ಯಾರಾದರೂ ಶುರು ಮಾಡಿದರೆ, ಕೊಡುವ ಮನಸ್ಸಿಲ್ಲ ಎಂದು ತಿಳಿಯಿರಿ. ಬಂಗಾರಕ್ಕೆ, ಹೊಲಕ್ಕೆ, ಮದುವೆ ಗಂಡಿಗೆ ಕಟ್ಟಲು ಬರುವ ಬೆಲೆ ಇದೊಂದಕ್ಕೆ ಯಾಕೆ ಬರುವುದಿಲ್ಲ?

ಕಾಕಿ ಕುರ್ಚಿಯ ಮೇಲೆ ಕೂತಿದ್ದಳು. ಕಾಲು ಆಡುತ್ತಿತ್ತು.

ಮರುದಿನ ನಾನು ತಮ್ಮನನ್ನು ಬಿಡಲು ಹೋದಾಗ ತೊಲೆಯಲ್ಲಿ ಜೋಳಿಗೆ ಮಿರಮಿರ ಮಿಂಚುತ್ತಿತ್ತು. ಸನ್ಮಾನದ ಸೀರೆಯನ್ನು ಹರಿದು ಜೋಳಿಗೆ ಕಟ್ಟಿದ್ದಳು. ಜರಿಯಂಚು ಎರಡೂ ಕಡೆ ಇಳಿಬಿದ್ದಿತ್ತು. "ನಿಮ್ಮ ಸೀರಿ, ನಿಮ್ಮ ಕೂಸು," ಎಂದಳು, "ಗಟ್ಟಿ ಐತಿ, ಬಾಳಿಕಿ ಬರ್ತೈತಿ." ಓಣಿಯವರು ಅದನ್ನೂ ಕಾಕಿಯ ತಮಾಷೆಯ ಲೆಕ್ಕಕ್ಕೆ ಹಾಕಿದರು. ಆ ತಿಂಗಳು ಮುಗಿಯುವುದರೊಳಗೆ ಮಹಾದೇವಿ ನೌಕರಿ ಬಿಟ್ಟಳು. ದವಾಖಾನೆಯವರು ಅವಳ ಜಾಗಕ್ಕೆ ಬೇರೆಯವಳನ್ನು ತೆಗೆದುಕೊಂಡರು. ಓಣಿಯ ತಾಯಂದಿರೆಲ್ಲ ಕೆಲಸಕ್ಕೆ ಹೋಗಲೆಂದು ಕಾಲು ತೂಗಿದವಳ ಮಗಳು ಮನೆಯಲ್ಲಿ ಕೂತಳು. ಅಂದಿನಿಂದ ಕಾಕಿ, ಯಾರಿಗೆ ಶೀತವಾದರೂ, "ನನ್ನ ಮಗಳು ಇಲ್ಲಿ ಇದ್ದಿದ್ರ" ಎನ್ನುವುದನ್ನು ಬಿಟ್ಟಳು.

ನಾನು ಕಾಲೇಜಿನಲ್ಲಿದ್ದಾಗ ಕಾಕಿ ತೀರಿಕೊಂಡ ಸುದ್ದಿ ಬಂತು. ಗಂಡ ಮೊದಲೇ ಹೋಗಿದ್ದರು. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡುವುದು ಮುಗಿದಿತ್ತು. ಮರುದಿನ ಪಡಸಾಲೆಯಲ್ಲಿ ಓಣಿಯವರೆಲ್ಲ ಕೂತಿದ್ದರು. ಮಹಾದೇವಿ ಗೋಡೆಗೆ ಒರಗಿದ್ದಳು. ಅವಳ ತಲೆಯ ಮೇಲೆ ತೊಲೆಗೆ ಜೋಳಿಗೆ ಕಟ್ಟುವ ಹಗ್ಗ ಇನ್ನೂ ಇತ್ತು, ಖಾಲಿ. ಬ್ಯಾಂಕಿನವರು ನಿಟ್ಟುಸಿರು ಬಿಟ್ಟು, ಎಂಥಾ ತಾಯಿ, ಇಷ್ಟು ಕೂಸು ಬೆಳೆಸಿದಳು, ಒಂದು ಪೈಸೆ ತಗೊಳ್ಳಲಿಲ್ಲ ಎಂದರು.

"ತಗೊಳ್ಳಲಿಲ್ಲ ಅನಬ್ಯಾಡ್ರಿ ಮಾಮಾ," ಎಂದೆ. "ನಾವು ಕೊಡಲಿಲ್ಲ ಅನ್ರಿ."

ಅವ್ವ ನನ್ನ ತೊಡೆ ಚಿವುಟಿದಳು. ಮಂದಿ ಒಬ್ಬೊಬ್ಬರಾಗಿ ಎದ್ದು ಹೋದರು. ಸಂಜೆಗೆ ನಾನು, ಮಹಾದೇವಿ ಇಬ್ಬರೇ ಉಳಿದೆವು. ಬಾಗಿಲು ಮುಂದಕ್ಕೆ ಹಾಕಿತ್ತು. ಹೊರಗೆ ಕಟ್ಟೆಯ ಹತ್ತಿರ ಕೂಸೊಂದು ರಚ್ಚೆ ಹಿಡಿದಿತ್ತು. ಬ್ಯಾಂಕಿನವರ ಹೆಂಡತಿ, ಹಿರಿಯ ಮಗನ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದಿದ್ದಳು. ಸೊಸೆಗೆ ಕೆಲಸಕ್ಕೆ ಹೋಗುವುದಿದೆಯಂತೆ, ದಿನಕರ್ಮ ಮುಗಿಯುವ ತನಕ ನೀನು ಹೆಂಗೂ ಇಲ್ಲೇ ಇರ್ತಿಯಲ್ಲ ಎಂದು ಹೊರಗಿನಿಂದಲೇ ಹೇಳುತ್ತಿದ್ದಳು. ಆಮೇಲೆ ಕದ ತಟ್ಟಿದಳು.

"ಮಾದೇವಿ, ಮನ್ಯಾಗದಿ ಏನ?"

ಮಹಾದೇವಿ ಕೂತಲ್ಲಿಂದ ಏಳಲಿಲ್ಲ. ನನ್ನ ಕಡೆ ನೋಡಿದಳು, ಆಮೇಲೆ ತೊಲೆಯ ಕಡೆ ನೋಡಿದಳು.

"ಮನ್ಯಾಗ ಯಾರೂ ಇಲ್ರಿ," ಎಂದಳು.