ಟೇಲರಕ್ಕ ತಾನೇ ಇಟ್ಟ ಹೆಸರು

"ಅಮ್ಮಾ, ಟೇಲರಕ್ಕನ ಮೈಯಿಂದ ಯಾಕೆ ಹಿಟ್ಟು ಉದುರತ್ತೆ?" ಮಗಳು ಬೆಳಿಗ್ಗೆ ಹಲ್ಲುಜ್ಜುತ್ತಲೇ ಕೇಳಿದಳು.

ಹಿಟ್ಟಲ್ಲ ಪುಟ್ಟಿ, ಚರ್ಮ ಎಂದೆ. ನಮ್ಮ ಚರ್ಮ ತಿಂಗಳಿಗೊಮ್ಮೆ ಹೊಸದಾದರೆ ಅವರದು ವಾರದೊಳಗೇ ಹೊಸದಾಗಿಬಿಡುತ್ತದೆ, ಹಳೆಯದು ಉದುರಲೇಬೇಕಲ್ಲ.

"ಹಾಗಾದ್ರೆ ಅವರು ನಮಗಿಂತ ಹೊಸಬ್ರು!"

ನಕ್ಕುಬಿಟ್ಟೆ. ಸಂಜೆ ಅವರ ಅಂಗಡಿಗೆ ಹೋಗುವವರೆಗೂ ಆ ನಗು ಇತ್ತು.

ನಮ್ಮ ಮನೆಯ ಮೆಟ್ಟಿಲ ಕೆಳಗಿನ ಒಂದೇ ಕೋಣೆ ಟೇಲರಕ್ಕನ ಅಂಗಡಿ. ಎಂಟು ವರ್ಷದಿಂದ ಪಕ್ಕದ ಶಾಲೆಯ ಸಮವಸ್ತ್ರವೆಲ್ಲ ಅವರದೇ ಹೊಲಿಗೆ. ಅವರ ಹೊಟ್ಟೆಪಾಡು ಅದೊಂದೇ. ಮೂರು ವರ್ಷದ ಹಿಂದೆ ಮೊಣಕೈ ಮೇಲೆ ಕೆಂಪು ದದ್ದು ಎದ್ದಿತು, ಅದರ ಮೇಲೆ ಬೆಳ್ಳಿಬಣ್ಣದ ಹೊಟ್ಟು. ಯಾರೋ ಏನದು ಎಂದಾಗ "ಹುಳುಕಡ್ಡಿ, ಹೋಗತ್ತೆ ಬಿಡಿ" ಎಂದರು. ಅವರಿಗೆ ಗೊತ್ತಿದ್ದ ಹೆಸರು ಅದು. ಕೇಳಿದವರಿಗೆಲ್ಲ ಅದನ್ನೇ ಹೇಳಿದರು. ಮೆಡಿಕಲ್ ಶಾಪಿನವನು ಕೊಟ್ಟ ಟ್ಯೂಬ್ ಹಚ್ಚಿದರೆ ಇಳಿಯಿತು. ಬಿಟ್ಟರೆ ದುಪ್ಪಟ್ಟಾಗಿ ಬಂತು. ಮೊಣಕಾಲು, ಸೊಂಟ, ಕಿವಿಯ ಹಿಂದೆ, ನೆತ್ತಿ. ಕತ್ತರಿ ಗೀರಿದ ಜಾಗದಲ್ಲೂ ಅದೇ. ಉಗುರಿನ ಮೇಲೆ ಸೂಜಿಮೊನೆ ಒತ್ತಿದಂಥ ಗುಳಿಗಳು. ಈಗೀಗ ಬೆಳಿಗ್ಗೆ ಬೆರಳು ಮಡಚಲು ಅರ್ಧ ಗಂಟೆ ಬೇಕು.

ಹೋದ ತಿಂಗಳು ನಾನೇ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸೋರಿಯಾಸಿಸ್ ಎಂದರು. ಬುಡಸಮೇತ ಹೋಗುವುದಲ್ಲ, ಹಿಡಿತದಲ್ಲಿಡಬಹುದು, ಒಬ್ಬರಿಂದ ಒಬ್ಬರಿಗಂತೂ ಅಂಟುವುದಿಲ್ಲ. "ಅಂಟಲ್ಲ ಅನ್ನೋದನ್ನ ಬರೆದುಕೊಡಿ ಡಾಕ್ಟ್ರೇ" ಎಂದು ಟೇಲರಕ್ಕ ಬರೆಸಿಕೊಂಡರು. ಆ ಚೀಟಿಯನ್ನು ಅಂಗಡಿಯ ಕನ್ನಡಿಗೇ ಅಂಟಿಸಿದರು.

ಅಷ್ಟರಲ್ಲಿ ಶಾಲೆಯ ಇಬ್ಬರು ಮಕ್ಕಳಿಗೆ ನಿಜವಾದ, ಅಂಟುವ ಹುಳುಕಡ್ಡಿ ಆಯಿತು. ಟೇಲರಕ್ಕ ಹೊಲಿದ ಸಮವಸ್ತ್ರದಿಂದಲೇ ಬಂತು ಎಂದು ಮಾತೆದ್ದಿತು.

ಇವತ್ತು ಸಂಜೆ ನಾನು ಹೋದಾಗ ಶಾಲೆಯ ಟೀಚರು ಹೊಲಿಯಲು ಕೊಟ್ಟಿದ್ದ ಬಟ್ಟೆ ವಾಪಸು ಒಯ್ಯಲು ಬಂದು ನಿಂತಿದ್ದರು.

"ಮೇಡಂ, ಆ ಚೀಟಿ ಒಂದ್ಸಲ ಓದಿ" ಎಂದರು ಟೇಲರಕ್ಕ.

"ನೀವೇ ಹುಳುಕಡ್ಡಿ ಅಂದಿದ್ರಲ್ಲಮ್ಮಾ, ಊರಿಗೆಲ್ಲ! ಈಗ ಬೇರೆ ಹೆಸರಿಟ್ರೆ ಪೇರೆಂಟ್ಸ್ ನಂಬ್ತಾರಾ?"

ಕಡುನೀಲಿ ಬಟ್ಟೆಯ ಮೇಲೆ ಬಿಳಿ ಪುಡಿ ಎದ್ದು ಕಾಣುತ್ತಿತ್ತು. ಟೀಚರು ಚೀಲದ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ಹೊರಟರು. ಮಾತು ಆಡಿದರೆ ಹೋಯಿತು ಎನ್ನುವುದನ್ನು ಕಣ್ಣಾರೆ ಕಂಡೆ.

"ಮೊದ್ಲು ನನ್ನ ನಾಲಿಗೆಗೆ ಹೊಲಿಗೆ ಹಾಕ್ಕೋಬೇಕಿತ್ತು ಕಣೇ" ಎಂದು ಟೇಲರಕ್ಕ ನಗಲು ನೋಡಿದರು. ಆಗಲಿಲ್ಲ. ಖಾಲಿ ಮಿಷಿನ್ನಿನ ಚಕ್ರವನ್ನು ಸುಮ್ಮನೆ ತಿರುಗಿಸುತ್ತ ಕೂತರು. ನಾನು ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಂಡರು.

"ಒಂದು ಉಪಕಾರ ಮಾಡ್ತೀಯಾ? ಹೊಲಿಯೋಕೆ ಬರೋ ಬಟ್ಟೆ ಇನ್ಮೇಲೆ ನಿನ್ ಮನೇಲಿ, ನಿನ್ ಹೆಸ್ರಲ್ಲಿ ತಗೋ. ನಾನು ಬಾಗಿಲು ಹಾಕ್ಕೊಂಡು ಹೊಲೀತೀನಿ, ಒದರಿ, ಇಸ್ತ್ರಿ ಮಾಡೇ ಕೊಡ್ತೀನಿ."

"ಅಕ್ಕಾ, ನಂಗೆ ನೆಟ್ಟಗೆ ಗುಂಡಿ ಹಾಕೋಕೂ ಬರಲ್ಲ. ಯಾರ್ ನಂಬ್ತಾರೆ?"

"ನಂಬ್ತಾರೆ, ನಿನ್ ಕೈ ಚೆನ್ನಾಗಿದೆಯಲ್ಲ. ಯಾರ ಹೊಲಿಗೆ ಅಂತ ಕೇಳಿದ್ರೆ ನಿಂದೇ ಅಂತ ಹೇಳು ತಂಗಿ. ನನ್ ಹೆಸ್ರು ಮಾತ್ರ ಎತ್ಬೇಡ."