ಯುಗಾದಿಯ ಎಣ್ಣೆಸ್ನಾನ, ಒಂದು ಸರ್ಟಿಫಿಕೇಟು

೧೯೫೯ರಲ್ಲಿ ನಾನು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಸರ್ಕಾರಿ ದವಾಖಾನೆಯಲ್ಲಿ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ವಯಸ್ಸು ಮೂವತ್ತೆಂಟು, ಸರ್ವಿಸ್ ಹನ್ನೆರಡು ವರ್ಷ, ಸಿಟ್ಟು ಮೂಗಿನ ತುದಿಯಲ್ಲಿ. ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಕೆಮ್ಮು, ಭೇದಿ, ಕಜ್ಜಿ. ಆಮೇಲೆ ಪೊಲೀಸರು ಕರೆತರುವ ಹೊಡೆದಾಟದ ಕೇಸುಗಳು. ಯಾವ ಗಾಯ, ಯಾವುದರಿಂದ ಆದದ್ದು, ಎಷ್ಟು ದಿನ ಹಳೆಯದು ಎಂದು ಗಾಯದ ಸರ್ಟಿಫಿಕೇಟು ಬರೆದೂ ಬರೆದೂ ನನಗೆ ಜನರ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಯವಾಗಿತ್ತು. ಆ ವರ್ಷದ ಯುಗಾದಿಯಾದ ಮೂರನೆಯ ದಿನ ಬಂದ ಒಂದು ಬೆನ್ನು ಮಾತ್ರ ನನ್ನನ್ನು ನಾಲ್ಕು ದಿನ ಇಕ್ಕಟ್ಟಿನಲ್ಲಿ ಕೂರಿಸಿತು. ಅದರ ಕಥೆ ಇದು. ಹೆಸರುಗಳನ್ನು ಬದಲಿಸಿದ್ದೇನೆ.

ಮೊದಲು ಬಂದವರು ಆ ಬೆನ್ನಿನವನ ಅಣ್ಣ, ಮರೀಗೌಡರು. ಬೆಲ್ಲದ ಸಗಟು ವ್ಯಾಪಾರಿ, ಐವತ್ತರ ಆಸುಪಾಸು, ಬಿಳಿ ಪಂಚೆಯ ಮೇಲೆ ಕರಿ ಕೋಟು. ಮಂಡಿಯಲ್ಲಿ ಅವರ ಮಾತಿಗೆ ತೂಕವಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಾಗಿಲು ಹಾಕಿಸಿ, ನನ್ನ ಮೇಜಿನ ಅಂಚು ಹಿಡಿದು ನಿಂತವರು ಇದ್ದಕ್ಕಿದ್ದಂತೆ ಅತ್ತುಬಿಟ್ಟರು. ಅಂಥ ಗಂಡಾಳು ಅಳುವುದನ್ನು ನೋಡಿ ನನಗೇ ಮುಜುಗರವಾಯಿತು.

ತಂದೆ ಹೋದಾಗ ಅವರ ತಮ್ಮ ಸಿದ್ದೇಗೌಡನಿಗೆ ಆರು ವರ್ಷ. ಸಾಕಿದ್ದು, ಬೀಟೆ ಮರದ ಹಲಗೆಗೆ ದಂತ ಕೂರಿಸುವ ಕುಸುರಿ ಕೆಲಸ ಕಲಿಯಲು ಹಾಕಿದ್ದು, ಮದುವೆ ಮಾಡಿದ್ದು ಎಲ್ಲ ಅಣ್ಣನೇ. ಈಗ ತಮ್ಮನಿಗೆ ಮೂವತ್ನಾಲ್ಕು, ಅದೇ ಕುಸುರಿಯ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿ. ಪ್ರತಿ ಯುಗಾದಿಗೂ ತಮ್ಮನ ನೆತ್ತಿಗೆ, ಬೆನ್ನಿಗೆ ಹರಳೆಣ್ಣೆ ತಿಕ್ಕುವುದು ಅಣ್ಣನದೇ ಹಕ್ಕು. ಎರಡು ವರ್ಷದಿಂದ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದವನನ್ನು ಈ ಸಲ ಅಣ್ಣ ಬಲವಂತವಾಗಿ ಬಚ್ಚಲಿಗೆ ಎಳೆದೊಯ್ದು ಅಂಗಿ ಬಿಚ್ಚಿಸಿದ್ದರು.

“ಬೆನ್ನ ತುಂಬ ಬಾಸುಂಡೆ ಸ್ವಾಮಿ. ಯಾರ್ಲಾ ಒಡ್ದೋರು ಅಂದ್ರೆ ‘ಜಯ’ ಅಂದ. ಕಟ್ಕೊಂಡ ಎಂಡ್ರು! ಯಾಕ್ಲಾ ಅಂದ್ರೆ, ‘ನಾನೇ ಕೇಳ್ದೆ ಅಣ್ಣಯ್ಯ, ನಂಗೆ ಬೇಕಾಗಿತ್ತು’ ಅಂದ. ಬುದ್ಧಿ ನೆಟ್ಟಗಿರೋನು ಆಡೋ ಮಾತಾ ಇದು?”

ಅವರ ಕೋಟಿನ ಜೇಬಿನಲ್ಲಿ ಅರ್ಜಿ ಸಿದ್ಧವಾಗಿತ್ತು. ಆಗಿನ ಲೂನಸಿ ಆಕ್ಟ್ ಪ್ರಕಾರ ಒಬ್ಬನನ್ನು ಹುಚ್ಚಾಸ್ಪತ್ರೆಗೆ ಸೇರಿಸಬೇಕಾದರೆ ಸಂಬಂಧಿಕರು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕು. ಜೊತೆಗೆ ಇಬ್ಬರು ಡಾಕ್ಟರರ ಸರ್ಟಿಫಿಕೇಟು. ಒಬ್ಬರು ಸರ್ಕಾರಿ ಡಾಕ್ಟರರೇ ಆಗಿರಬೇಕು. ಊರಿನ ಖಾಸಗಿ ವೈದ್ಯರೊಬ್ಬರು ಆಗಲೇ ಸಹಿ ಹಾಕಿಕೊಟ್ಟಿದ್ದರು. ಬಾಕಿ ಇದ್ದದ್ದು ನನ್ನದು. ಸೋಮವಾರ ಕೋರ್ಟಿಗೆ ಹಾಕಬೇಕು ಎಂದರು. ಅಂದು ಗುರುವಾರ.

ಆ ಸರ್ಟಿಫಿಕೇಟಿನ ಫಾರಂನಲ್ಲಿ ಎರಡು ಕಾಲಂ. ಮೊದಲನೆಯದು, ಹುಚ್ಚು ಎಂದು ತೋರಿಸುವ ಯಾವ ಲಕ್ಷಣಗಳನ್ನು ಡಾಕ್ಟರು ಸ್ವತಃ ಕಂಡರು. ಎರಡನೆಯದು, ಬೇರೆಯವರು ಏನು ಹೇಳಿದರು. ನಾನು ಮಾಡಿದ ತಪ್ಪೇನೆಂದರೆ, ರೋಗಿಯ ಮುಖ ನೋಡುವ ಮೊದಲೇ ಪೆನ್ನು ತೆಗೆದು ಎರಡನೆಯ ಕಾಲಂ ತುಂಬಿಬಿಟ್ಟೆ. ಅಣ್ಣ ಹೇಳಿದ್ದೆಲ್ಲ ಚೊಕ್ಕವಾಗಿ ಇಂಗ್ಲಿಷಿಗೆ ಇಳಿಯಿತು. ಕಣ್ಣೀರು ಕಂಡಿದ್ದೆನಲ್ಲ, ಸುಳ್ಳಿರಲಾರದು ಎಂದುಕೊಂಡೆ. ಸುಳ್ಳು ಇರಲೂ ಇಲ್ಲ.

ಮರುದಿನ ಮಧ್ಯಾಹ್ನ ನಾನು ಹೇಳಿಕಳಿಸಿದಂತೆ ಗಂಡಹೆಂಡತಿ ಬಂದರು. ಸಿದ್ದೇಗೌಡ ತೆಳ್ಳಗೆ, ಸಣ್ಣ ದನಿಯ ಮನುಷ್ಯ. ಉಗುರಿನ ಸಂದಿಯಲ್ಲೆಲ್ಲ ಬೀಟೆಮರದ ಕಪ್ಪು ಹುಡಿ. ಜಯಮ್ಮನಿಗೆ ಇಪ್ಪತ್ತೊಂಬತ್ತು, ಕುಂಬಾರಕೊಪ್ಪಲಿನ ಹೆಣ್ಣುಮಗಳು. ನಾನು ಆಕೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಗಂಡನ ಅಂಗಿ ಬಿಚ್ಚಿಸಿದೆ.

ಬಾಸುಂಡೆಗಳಿದ್ದವು, ನಿಜ. ಕೆಲವು ಹಳದಿಗೆ ತಿರುಗಿದ್ದವು, ನಾಲ್ಕೈದು ಇನ್ನೂ ಕೆಂಪಾಗಿದ್ದವು. ಆದರೆ ಅವನ್ನು ನೋಡುತ್ತ ನೋಡುತ್ತ ನನ್ನ ತಲೆ ಕೆಟ್ಟಿತು. ಹೊಡೆದಾಟದ ಬೆನ್ನುಗಳಲ್ಲಿ ಏಟಿಗೆ ಲೆಕ್ಕಾಚಾರ ಇರುವುದಿಲ್ಲ. ಕೋಪ ಬಂದ ಕೈ ಎಲ್ಲಿ ಬೇಕೆಂದರಲ್ಲಿ ಬೀಳುತ್ತದೆ, ಕಿವಿ, ಕತ್ತು, ಮೂತ್ರಪಿಂಡದ ಮೇಲೆ ಸಹ. ಇಲ್ಲಿ ಒಂದೂ ಏಟು ಬೆನ್ನುಮೂಳೆಯ ಮೇಲಿರಲಿಲ್ಲ. ಸೊಂಟದ ಹತ್ತಿರ ಇರಲಿಲ್ಲ. ಹೆಗಲ ಕೆಳಗಿನ ದಪ್ಪ ಮಾಂಸದ ಮೇಲೆ ಮಾತ್ರ. ಮಣಿಕಟ್ಟಿನಲ್ಲಿ ಕಟ್ಟಿದ ಗುರುತು ಸಣ್ಣಗೆ ಇತ್ತು, ಆದರೆ ಚರ್ಮ ತರಚಿರಲಿಲ್ಲ. ಎಲ್ಲದರ ಮೇಲೂ ಅರಿಶಿನದ ಕಲೆ. ಯಾರೋ ಶ್ರದ್ಧೆಯಿಂದ ಹಚ್ಚಿದ್ದರು.

“ಯಾರು ಹಚ್ಚಿದ್ದು?”

“ಅವಳೇ.”

ತಿಂಗಳ ಹೆಸರು ಕೇಳಿದೆ, ಮಗ್ಗಿ ಕೇಳಿದೆ, ಪ್ರಧಾನಮಂತ್ರಿ ಯಾರೆಂದು ಕೇಳಿದೆ. ಎಲ್ಲಕ್ಕೂ ಸರಿಯಾದ ಉತ್ತರ. ಹದಿನೇಳರ ಮಗ್ಗಿಯಲ್ಲಿ ನಾನೇ ತಪ್ಪಿದೆ, ಅವನು ಮೆಲ್ಲಗೆ ತಿದ್ದಿದ. ಮೊದಲ ಕಾಲಂ ಖಾಲಿಯೇ ಉಳಿಯಿತು.

ಅವನನ್ನು ಹೊರಗೆ ಕಳಿಸಿ ಹೆಂಡತಿಯನ್ನು ಕರೆದೆ. ನನ್ನ ಗೊಂದಲಕ್ಕೆ ಯಾರ ಮೇಲಾದರೂ ಹರಿಹಾಯಬೇಕಿತ್ತು, ಆಕೆ ಸಿಕ್ಕಳು. “ಗಂಡನನ್ನು ದನಕ್ಕೆ ಬಡಿದ ಹಾಗೆ ಬಡೀತೀಯಲ್ಲ, ಪೊಲೀಸರಿಗೆ ಬರೆದರೆ ಏನಾಗ್ತೀಯ ಗೊತ್ತಾ?” ಎಂದು ಗದರಿಸಿದೆ. ಆಕೆ ತಲೆ ತಗ್ಗಿಸಲಿಲ್ಲ.

“ಬರ್ಕೊಳ್ಳಿ ಸ್ವಾಮಿ. ನಾನೇ ಒಡ್ದಿದ್ದು, ಕೆಟ್ ಬುದ್ಧಿಯಿಂದ ಒಡ್ದೆ ಅಂತ್ಲೇ ಬರ್ಕೊಳ್ಳಿ. ಅವರ್ನ ಮಾತ್ರ ಉಚ್ಚಾಸ್ಪತ್ರೆಗೆ ಕಳುಸ್ಬ್ಯಾಡಿ.”

ಮತ್ತೆ ಗಂಡನನ್ನು ಕರೆದೆ. ಅವನು ಕೈ ಮುಗಿದ. “ನಂಗೆ ತಲೆ ಕೆಟ್ಟದೆ ಅಂತ ಬರ್ದ್ಬುಡಿ ಡಾಕ್ಟ್ರೇ. ನಾನು ಓಗ್ತೀನಿ. ಅವಳ ತಂಟೆಗೆ ಯಾರೂ ಓಗ್ದಿದ್ರೆ ಸಾಕು.”

ಆಗ ನನಗೆ ಆ ಬಲೆ ಕಂಡಿತು. ಅವನು ತಾನೇ ಕೇಳಿ ಹೊಡೆಸಿಕೊಂಡದ್ದು ನಿಜವಾದರೆ ಲೋಕದ ಕಣ್ಣಿಗೆ ಅವನು ಹುಚ್ಚ. ಅವನು ಹುಚ್ಚನಲ್ಲದಿದ್ದರೆ ಅವಳು ಅಪರಾಧಿ. ಒಬ್ಬರು ಉಳಿಯಬೇಕಾದರೆ ಇನ್ನೊಬ್ಬರು ಮುಳುಗಬೇಕು. ಇಬ್ಬರೂ ತಾವು ತಾವೇ ಮುಳುಗಲು ತಯಾರಾಗಿ ಬಂದಿದ್ದರು. ಮುಳುಗಿಸಬೇಕಾದ ಕೈ ನನ್ನದು.

ಶನಿವಾರ ಬೆಳಿಗ್ಗೆ ನನ್ನ ಮೇಲಧಿಕಾರಿಯನ್ನು ಕಂಡೆ. ಅವರಿಗೆ ಮರೀಗೌಡರ ಪರಿಚಯವಿತ್ತು. “ಮರ್ಯಾದಸ್ಥ ಮನೆತನ ಕಣ್ರೀ. ಎರಡು ತಿಂಗಳು ಅಲ್ಲಿದ್ದು ಬರಲಿ, ಏನು ಗಂಟು ಹೋಗುತ್ತೆ? ಸಹಿ ಮಾಡಿಬಿಡಿ,” ಎಂದರು. ಒಳಗೆ ಹೋದವರು ಎರಡು ತಿಂಗಳಲ್ಲಿ ಬಂದದ್ದನ್ನು ನಾನು ನೋಡಿರಲಿಲ್ಲ. ಬಂದವರಿಗಾಗಿ ಮೇಸ್ತ್ರಿ ಕೆಲಸವನ್ನು ಯಾರೂ ಕಾದಿಟ್ಟಿರುತ್ತಿರಲಿಲ್ಲ. ಮನೆಗೆ ಬಂದು ವೈದ್ಯಕೀಯ ನ್ಯಾಯಶಾಸ್ತ್ರದ ಪುಸ್ತಕ ತೆಗೆದೆ. ಮ್ಯಾಸೊಕಿಸಂ, ಅಂದರೆ ನೋವು ಪಡೆಯುವುದರಲ್ಲಿ, ಇನ್ನೊಬ್ಬರ ಅಧೀನವಾಗುವುದರಲ್ಲಿ ಸುಖ ಕಾಣುವುದು, ಎಂದು ಅರ್ಧ ಪುಟ ಇತ್ತು. ಬರೆದವರು ಅದನ್ನು ವಿಕೃತಿಗಳ ಪಟ್ಟಿಯಲ್ಲಿ ಸೇರಿಸಿ ಕೈತೊಳೆದುಕೊಂಡಿದ್ದರು. ಯಾಕೆ ಎಂದು ಒಂದು ಸಾಲೂ ಇರಲಿಲ್ಲ. ಪುಸ್ತಕವನ್ನು ಮಂಚದ ಮೇಲೆ ಬಿಸಾಕಿದೆ.

ಭಾನುವಾರ ದವಾಖಾನೆಗೆ ರಜ. ಅವರಿಬ್ಬರನ್ನೂ ಬರಹೇಳಿ, ಈ ಸಲ ಒಟ್ಟಿಗೇ ಕೂರಿಸಿದೆ. ಬಾಯಿ ಮುಚ್ಚಿಕೊಂಡು ಕೇಳುವುದು ನನಗೆ ಸಹಜವಾಗಿ ಬಂದ ಗುಣವಲ್ಲ. ಅಂದು ಕಷ್ಟಪಟ್ಟು ಕೇಳಿದೆ.

“ನೋವು ಅಂದ್ರೆ ನಂಗೂ ಭಯಾನೇ,” ಎಂದ ಸಿದ್ದೇಗೌಡ. “ಉಳಿ ಬೆರಳಿಗೆ ತಾಗಿದ್ರೆ ಎಲ್ರಂಗೆ ಅಮ್ಮಾ ಅಂತೀನಿ. ಇದು ಬ್ಯಾರೆ. ದಿನಾಪೂರ್ತಿ ನನ್ ಕೈ ಅಲುಗಂಗಿಲ್ಲ ಸ್ವಾಮಿ. ಅಲಗೆ ಮ್ಯಾಲಿನ ಆನೆಗೆ ದಂತದ ಕಣ್ಣು ಕೂರ್ಸೋವಾಗ ಉಸ್ರು ಜೋರಾದ್ರೂ ಕೆಟ್ಟೋಯ್ತು. ಅನ್ನೊಂದು ಜನ ನನ್ ಮೊಕ ನೋಡ್ಕೊಂಡು ಕೂತಿರ್ತಾರೆ. ಮನೇಗೆ ಬಂದ್ರೂ ತಲೆ ನಿಲ್ಲಾಕಿಲ್ಲ. ಇವಳು ನನ್ ಕೈ ಕಟ್ಟಿದ್ಮ್ಯಾಲೆ ನಾನೇನೂ ಮಾಡಂಗಿಲ್ಲ, ಎಲ್ಲಾ ಇವಳ್ದೇ. ಏಟು ಬಿದ್ದಾಗ ಅದೊಂದೇ ಇರ್ತದೆ, ಬ್ಯಾರೆ ಯೋಚ್ನೆ ಬರಾಕಿಲ್ಲ. ಆಮ್ಯಾಕೆ ಇವಳು ಅರಿಶ್ನ ಅಚ್ಚಿ ತಲೆ ನೇವರಿಸ್ತಾಳಲ್ಲ, ಆವಾಗ ಅಳು ಬಂದ್ಬುಡ್ತದೆ. ಅಷ್ಟು ಅಗುರ ಆಗೋಯ್ತೀನಿ.”

ಜಯಮ್ಮನ ಕಡೆ ತಿರುಗಿದೆ. ನಿನಗೂ ಇದು ಇಷ್ಟವೋ, ಗಂಡ ಹೇಳಿದ ಎಂದು ಮಾಡುವುದೋ ಎಂದು ಕೇಳಿದೆ.

“ಮೊದಲ್ನೇ ಸಲ ಕೇಳ್ದಾಗ ಅತ್ಬುಟ್ಟೆ. ಒಲ್ಲೆ ಅಂದೆ. ಒಂದು ವರ್ಸ ಅವರು ಆ ಮಾತೇ ಎತ್ತಲಿಲ್ಲ, ಮೊಕಾನೂ ದಪ್ಪ ಮಾಡ್ಲಿಲ್ಲ. ಆಮ್ಯಾಕೆ ನಾನೇ ಕೇಳ್ದೆ, ಅದೇನದು ಏಳಿ ಅಂತ. ಅವರು ಕಣ್ಮುಚ್ಚಿ ಮೈಯೆಲ್ಲಾ ನನ್ ಕೈಗೆ ಕೊಟ್ಬುಡ್ತಾರೆ ಸ್ವಾಮಿ. ಅಷ್ಟು ನಂಬ್ಕೆ ನನ್ ಮ್ಯಾಲೆ ಇನ್ಯಾರು ಮಡಗವ್ರೆ? ಈಗ ನಂಗೂ ಬೇಕು ಅಂತ್ಲೇ ಮಾಡೋದು.”

ಇನ್ನು ಉಳಿದದ್ದು ಒಂದೇ ಪ್ರಶ್ನೆ. ಸಾಕು ಎನ್ನಿಸಿದರೆ ಏನು ಮಾಡುತ್ತೀರಿ? ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿದ್ದದ್ದು ವಠಾರದ ಮನೆ. ಪಕ್ಕದವರು ಕೆಮ್ಮಿದರೂ ಕೇಳುವ ಗೋಡೆ. ಕೂಗುವಂತಿಲ್ಲ. ಅದಕ್ಕೆ ಸಿದ್ದೇಗೌಡ ಕಟ್ಟಿದ ಕೈಯಲ್ಲಿ ಕಾರ್ಖಾನೆಯ ಒಂದು ಮರದ ಚೂರು ಹಿಡಿದಿರುತ್ತಿದ್ದ. ಅದು ಕೈಯಿಂದ ಬಿದ್ದರೆ ಜಯಮ್ಮ ಆ ಕ್ಷಣ ನಿಲ್ಲಿಸಿ ಕಟ್ಟು ಬಿಚ್ಚಬೇಕು. ಯಾಕೆಂದು ಕೇಳುವಂತಿಲ್ಲ.

“ಎಷ್ಟು ಸಲ ಬಿದ್ದಿದೆ?”

“ಎಲ್ಡು ಸಲ,” ಎಂದಳು. “ಎಲ್ಡು ಸಲಾನೂ ಬಿಚ್ಚಿ ನೀರು ಕೊಟ್ಟೆ.”

ಅವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಮ್ಮ ಪಾಡಿಗೆ ತಾವೇ ಕಂಡುಕೊಂಡ ಏರ್ಪಾಡು. ನನಗೆ ಹಿಂದೆ ನೋಡಿದ್ದ ಎಷ್ಟೋ ಮರ್ಯಾದಸ್ಥ ಮನೆಗಳ ಹೆಂಗಸರು ನೆನಪಾದರು. ಸೆರಗು ಮುಚ್ಚಿಕೊಂಡು ಬಂದು, ಬಚ್ಚಲಲ್ಲಿ ಜಾರಿದೆ ಎಂದು ಸುಳ್ಳು ಹೇಳಿ ಔಷಧ ಇಸಿದುಕೊಂಡು ಹೋದವರು. ಅವರು ಸಾಕು ಎಂದಾಗ ಯಾರೂ ನಿಲ್ಲಿಸಿರಲಿಲ್ಲ. ಅವರ ಗಂಡಂದಿರ ಬಗ್ಗೆ ಯಾರೂ ಅರ್ಜಿ ಬರೆದಿರಲಿಲ್ಲ, ನಾನೂ ಸೇರಿದಂತೆ.

ಸಿದ್ದೇಗೌಡನ ಆಸೆ ನನಗೆ ಪೂರ್ತಿ ಅರ್ಥವಾಯಿತು ಎಂದರೆ ಸುಳ್ಳಾಗುತ್ತದೆ. ಹರಕೆ ಹೊತ್ತು ಚಾಮುಂಡಿಬೆಟ್ಟದ ಮೆಟ್ಟಿಲನ್ನು ಮಂಡಿಯೂರಿ ಹತ್ತಿ, ಚರ್ಮ ಕಿತ್ತುಕೊಂಡು ಡ್ರೆಸ್ಸಿಂಗಿಗೆ ಬಂದವರು ‘ಮನಸ್ಸು ಹಗುರಾಯಿತು’ ಎಂದಾಗ ನಾನು ಅವರ ತಲೆ ಪರೀಕ್ಷೆ ಮಾಡಿರಲಿಲ್ಲ. ಎರಡೂ ಒಂದೇ ಎನ್ನುತ್ತಿಲ್ಲ. ತಾನೇ ಒಪ್ಪಿ ತೆಗೆದುಕೊಂಡ ನೋವು, ಮೇಲೆ ಬಂದು ಬಿದ್ದ ನೋವು, ಇವೆರಡೂ ಒಂದೇ ಅಲ್ಲ ಎಂಬಷ್ಟು ಮಾತ್ರ ಅಂದು ನನಗೆ ಖಚಿತವಾಯಿತು.

ಸೋಮವಾರ ಹತ್ತು ಗಂಟೆಗೆ ಮರೀಗೌಡರು ಬಂದರು. ಮೊದಲ ಕಾಲಂನಲ್ಲಿ ನಾನು ಬರೆದದ್ದು ಒಂದೇ ಸಾಲು. ಸ್ವತಃ ಪರೀಕ್ಷಿಸಿ ಹುಚ್ಚಿನ ಯಾವ ಲಕ್ಷಣವನ್ನೂ ಕಂಡಿಲ್ಲ. ಎರಡನೆಯ ಕಾಲಂನ ಬರಹದ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದೆ. ಗಾಯದ ವರದಿ ಬರೆಯಲಿಲ್ಲ, ಯಾಕೆಂದರೆ ಗಾಯಗೊಂಡವನು ದೂರು ಕೊಟ್ಟಿರಲಿಲ್ಲ. ಕಾಗದ ತೆಗೆದುಕೊಂಡು ಹೊರಗೆ ಹೋದ ಗೌಡರು ಬೇರೆಯವರಿಂದ ಓದಿಸಿಕೊಂಡು ವಾಪಸ್ಸು ಬಂದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ.

“ನಿಮ್ ಕೈಲಿ ನನ್ ತಮ್ಮನ್ನ ಉಳುಸ್ಕೊಡಿ ಅಂತ ಬಂದೆ. ಕಳೆದ್ಬುಟ್ರಲ್ಲ ಸ್ವಾಮಿ,” ಎಂದಷ್ಟೇ ಹೇಳಿ ಹೋದರು.

ಎರಡನೆಯ ಸರ್ಟಿಫಿಕೇಟಿಲ್ಲದೆ ಅರ್ಜಿ ನಿಲ್ಲಲಿಲ್ಲ. ಪೊಲೀಸಿಗೆ ಹೋದರೆ ಊರೆಲ್ಲ ಗೊತ್ತಾಗುತ್ತದೆಂದು ಅವರು ಅದಕ್ಕೂ ಹೋಗಲಿಲ್ಲ. ಆದರೆ ತಮ್ಮನ ಜೊತೆ ಮಾತು ಬಿಟ್ಟರು. ವಠಾರದಲ್ಲಿ ಅರೆಬರೆ ಸುದ್ದಿ ಹಬ್ಬಿತು. ಜಯಮ್ಮ ನಲ್ಲಿಗೆ ಬಂದರೆ ಬೇರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರಂತೆ. ಕೊನೆಗೆ ಅವರು ಮನೆ ಖಾಲಿ ಮಾಡಿ ಕುಂಬಾರಕೊಪ್ಪಲಿಗೆ ಹೋದರು. ಮೇಲಧಿಕಾರಿಗಳು ನನ್ನನ್ನು ಕರೆಸಿ ಚೆನ್ನಾಗಿ ಬೈದರು. ನಾನೋ, ಎರಡು ಜೀವ ಉಳಿಸಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಆ ವರ್ಷದ ಶ್ರಾವಣದಲ್ಲಿ ಇಬ್ಬರೂ ಮತ್ತೆ ಬಂದರು. ಸಿದ್ದೇಗೌಡನಿಗೆ ಕೆಮ್ಮು. ಸೊರಗಿದ್ದ, ಕಣ್ಣೆತ್ತಿ ನೋಡುತ್ತಿರಲಿಲ್ಲ. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟೆ. ಚರ್ಮ ಸ್ವಚ್ಛವಾಗಿತ್ತು, ಒಂದು ಗುರುತೂ ಇರಲಿಲ್ಲ. ನಾನು ಸಮಾಧಾನದಿಂದ ತಲೆಯಾಡಿಸಿದ್ದನ್ನು ಜಯಮ್ಮ ನೋಡಿದಳು.

“ಅದನ್ನೆಲ್ಲ ಬುಟ್ಬುಟ್ವಿ ಸ್ವಾಮಿ. ಇವರು ನನ್ ಕೈ ಮುಟ್ಟಾಕೂ ಎದುರ್ತಾರೆ ಈಗ. ಉಚ್ಚಲ್ಲ ಅಂತ ಬರ್ಕೊಟ್ರಿ, ನಿಮ್ ರುಣ ತೀರ್ಸಾಕಾಗಲ್ಲ. ತಪ್ಪೂ ಅಲ್ಲ ಅಂತ ಒಂದ್ ಮಾತು ಬಾಯಲ್ಲಿ ಏಳಿ, ಇವರ ಮೊಕ ನೋಡ್ಕೊಂಡು.”

ಸಿದ್ದೇಗೌಡ ತಲೆ ಎತ್ತಿದ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಬಾಗಿಲು ಅರ್ಧ ತೆರೆದಿತ್ತು. ಕಾಂಪೌಂಡರ್ ಪಕ್ಕದಲ್ಲೇ ಸೀಸೆ ತೊಳೆಯುತ್ತಿದ್ದ. ಸರ್ಕಾರಿ ಡಾಕ್ಟರು ಇಂಥ ಮಾತನ್ನು ಬಾಯಿಬಿಟ್ಟು ಹೇಳಿದ ಎಂದು ನಾಳೆ ಮಂಡಿಯಲ್ಲೆಲ್ಲ ಆಡಿಕೊಂಡರೆ? ನಾನು ಚೀಟಿ ಬರೆದು, “ಈ ಮಿಕ್ಸ್ಚರು ದಿನಕ್ಕೆ ಮೂರು ಹೊತ್ತು,” ಎಂದು ಮುಂದಿನವರನ್ನು ಕೂಗಿದೆ.

ಅವರು ಮತ್ತೆ ಬರಲಿಲ್ಲ. ನನಗೆ ವರ್ಗವಾಯಿತು. ಆಮೇಲೆ ಇಪ್ಪತ್ತು ವರ್ಷದ ಸರ್ವಿಸ್‌ನಲ್ಲಿ ಅದೆಷ್ಟೋ ಸರ್ಟಿಫಿಕೇಟುಗಳಿಗೆ ಸಹಿ ಹಾಕಿದೆ. ಈ ಕೆಲಸ ನನಗೆ ಕಲಿಸಿದ ಪಾಠ ಇಷ್ಟೇ. ಕಾಗದದ ಮೇಲೆ ಧೈರ್ಯ ತೋರಿಸುವುದು ಸುಲಭ, ಅದನ್ನು ಓದುವವನು ಮ್ಯಾಜಿಸ್ಟ್ರೇಟ್. ಎದುರಿಗೆ ಕೂತ ಮನುಷ್ಯನಿಗೆ ಬೇಕಾದದ್ದು ಬಾಯಿಮಾತು, ಅದನ್ನು ಆ ಹೊತ್ತಿಗೇ ಹೇಳಬೇಕು. ಅಂದು ಹೇಳಲಿಲ್ಲ. ಅವರಿಬ್ಬರೂ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ತಿಳಿಯದು. ಹೇಳುತ್ತಿದ್ದೇನೆ ಸಿದ್ದೇಗೌಡರೇ, ಜಯಮ್ಮನವರೇ: ನಿಮ್ಮದು ತಪ್ಪಾಗಿರಲಿಲ್ಲ.