ಬೇಲಿಯ ಬುಡದ ಚಪ್ಪಲಿ

ಉಪ್ಪುನೀರಿನಲ್ಲಿ ನೆಂದ ತೊಗಲಿನ ಚಪ್ಪಲಿಗೆ ಒಂದು ವಾಸನೆಯಿದೆ. ಮೊನ್ನೆ ತ್ರಾಸಿ ಬೀಚಿನ ಸ್ನಾನದ ಕೋಣೆಯ ಎದುರು ಮೊಮ್ಮಗಳಿಗಾಗಿ ಕಾಯುತ್ತ ನಿಂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಈಗ ಅಲ್ಲಿ ಏನಿಲ್ಲ ಹೇಳಿ? ಕೂರಲು ಕಲ್ಲುಬೆಂಚು, ಬಟ್ಟೆ ಬದಲಾಯಿಸಲು ಕೋಣೆ, ಕೆಂಪು ಬಾವುಟ, ಸೀಟಿ ಊದುವ ಕಾವಲಿನವರು. ನಾನು ಸಣ್ಣವಳಿದ್ದಾಗ ಅಲ್ಲಿದ್ದದ್ದು ದೊಡ್ಡಮ್ಮನ ಹೆಂಚಿನ ಮನೆ ಮತ್ತು ಒಂದು ಸಿಹಿನೀರಿನ ಬಾವಿ. ಉಳಿದ ಸೌಕರ್ಯವೆಲ್ಲ ದೊಡ್ಡಮ್ಮನೊಬ್ಬಳೇ.

ಬೇಸಿಗೆ ರಜೆಯಲ್ಲಿ ನನ್ನನ್ನು ಹೆಮ್ಮಾಡಿಯಿಂದ ಕರೆತಂದು ಅವಳಲ್ಲಿ ಬಿಡುತ್ತಿದ್ದರು. ಮೀನಿಗೆಂದು ಕಡಲಿಗೆ ಹೋದ ದೊಡ್ಡಪ್ಪ ತಿರುಗಿ ಬಂದಿರಲಿಲ್ಲ. ಅಂದಿನಿಂದ ಅವಳದೊಂದು ಕ್ರಮ. ನೀರಿಗೆ ಇಳಿಯುವವರು ಯಾರೇ ಇರಲಿ, ಚಪ್ಪಲಿಯನ್ನು ಅವಳ ಬೇಲಿಯ ಬುಡದಲ್ಲಿ ಬಿಟ್ಟೇ ಹೋಗಬೇಕು. "ಸೊಂಟದಿಂದ ಮೇಲ್ ನೀರಿಗ್ ಹೋಪ್ಕಾಗ, ಕಾಣಿ," ಎಂದು ಗದರಿಸಿ ಕಳಿಸುವಳು. ಮೀನಿಗೆ ಉಪ್ಪು ಹಾಕುವಾಗಲೂ ಅವಳ ಕಣ್ಣು ಬೇಲಿಯ ಮೇಲೆಯೇ. ಮರಳಿ ಬಂದವರ ಕಾಲಿಗೆ ಬಾವಿಯ ನೀರು ಹೊಯ್ಯುವಳು. ಹೊತ್ತು ಇಳಿದರೂ ಒಂದು ಜೊತೆ ಹಾಗೇ ಉಳಿದಿದ್ದರೆ, ಬಲೆ ಹೆಣೆಯುವ ಗಂಡಸರನ್ನು ಕೂಗಿ ದೋಣಿ ಇಳಿಸುತ್ತಿದ್ದಳು. ಹಾಗೆ ಬದುಕಿ ಬಂದವರು ಇದ್ದರು.

ಒಂದು ಮಧ್ಯಾಹ್ನ ಬಸ್ಸಿನಿಂದ ಯುವಕನೊಬ್ಬ ಒಬ್ಬನೇ ಇಳಿದು ಬಂದ. ತೆರೆಯವರೆಗೆ ಚಪ್ಪಲಿ ಮೆಟ್ಟಿಕೊಂಡೇ ಹೋಗಿ, ದೊಡ್ಡಮ್ಮನಿಂದ ಬೈಸಿಕೊಂಡು, ನಗುತ್ತ ವಾಪಸು ಬಂದು ಒದ್ದೆ ಚಪ್ಪಲಿ ಬಿಟ್ಟು ಹೋದ. ನಡೆದರೆ ಟಕ್ ಟಕ್ ಎನ್ನುವ ಹೊಸ ಚಪ್ಪಲಿ. ನನಗೆ ಆಸೆ ತಡೆಯಲಿಲ್ಲ. ಮೆಟ್ಟಿಕೊಂಡು ಮನೆಯ ಹಿಂದಿನ ಕಲ್ಲುಹಾಸಿನ ಮೇಲೆ ಬಹಳ ಹೊತ್ತು ಮೆರೆದೆ. ಬೇಲಿಯ ಬುಡ ಖಾಲಿಯಾದದ್ದನ್ನು ಕಂಡು, ಎಲ್ಲರೂ ಹೋದರೆಂದುಕೊಂಡು ದೊಡ್ಡಮ್ಮ ಒಳಗೆ ಹೋಗಿ ಒಲೆ ಹಚ್ಚಿದ್ದಳು.

ನಾನು ಟಕ್ ಟಕ್ ಎನ್ನುತ್ತ ಅಡುಗೆಮನೆಯ ಬಾಗಿಲಿಗೆ ಬಂದಾಗ ಅವಳು ನನ್ನ ಕಾಲು ನೋಡಿದಳು. "ಹೆಣೆ, ಇದ್ ಯಾರ್ ಮೆಟ್ಟ್?" ನಾನು ಚಪ್ಪಲಿ ಕಳಚಿದೆ. "ಹ್ವಾಯ್, ದೋಣಿ ಇಳ್ಸಿ!" ಎಂದು ಕೂಗುತ್ತ ಅವಳು ಮರಳಿನಲ್ಲಿ ಬಿದ್ದೆದ್ದು ಓಡಿದಳು. ಮರುದಿನ ಬೆಳಿಗ್ಗೆ ತೆರೆ ಅವನ ಹೆಣವನ್ನು ದಡಕ್ಕೆ ತಂದು ಹಾಕಿತು.

ಬಿಜೂರಿನಿಂದ ಬಂದ ಅವನ ತಾಯಿ ನಮ್ಮ ಅಂಗಳದಲ್ಲಿ ಕುಸಿದು ಕೂತರು. ದೊಡ್ಡಮ್ಮ ಎಲ್ಲರ ಚಪ್ಪಲಿಯ ಮೇಲೂ ಕಣ್ಣಿಡುವ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ಎಲ್ಲರ್ ಮೆಟ್ಟೂ ಕಾಂತ್ರಿ ಅಂಬ್ರ್. ನನ್ ಮಗಂದ್ ಕಂಡಿಲ್ಯಾ?" ಊರಿನವರೆಲ್ಲ ನಿಂತು ನೋಡುತ್ತಿದ್ದರು. ನಾನು ದೊಡ್ಡಮ್ಮನ ಬೆನ್ನ ಹಿಂದಿದ್ದೆ. ಅವಳು ಕೈ ಹಿಂದಕ್ಕೆ ಚಾಚಿ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಳು. "ಇಲ್ಲೆ ಅಮ್ಮಾ. ನಾ ಸಮಾ ಕಂಡಿಲ್ಲೆ. ತಪ್ಪ್ ನಂದೇ."

ಆಮೇಲೆ ಆ ಮಾತನ್ನು ಅವಳು ನನ್ನ ಹತ್ತಿರವೂ ಎತ್ತಲಿಲ್ಲ. ಅವಳು ಹೋದಳು, ರಸ್ತೆ ಅಗಲವಾದಾಗ ಮನೆಯೂ ಹೋಯಿತು. ನಾನು ಇದನ್ನು ಹೇಳುತ್ತಿರುವುದು ಇದೇ ಮೊದಲು. ತ್ರಾಸಿಯ ಹಳಬರ ಬಾಯಲ್ಲಿ ಆ ಸಾವು ಈಗಲೂ ದೊಡ್ಡಮ್ಮನ ಹೆಸರಿನಲ್ಲೇ ಇದೆ.